ಜ್ಯೋತಿರ್ವಿದ ವೆಂಕಟೇಶ ಬಾಪೂಜಿ ಕೇತಕರ

ಯುಗಾದಿಯ ದಿನ ಬೇವುಬೆಲ್ಲವನ್ನು ಸವಿದ ಬಳಿಕ ಪಂಚಾಂಗಶ್ರವಣ ಮಾಡುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಚಿತ್ರದುರ್ಗ ಸೀಮೆಯ ರಾಮಗಿರಿಯಂತಹ ಊರುಗಳಲ್ಲಿ ಮಳೆಯನ್ನೇ ನಂಬಿ ಬಾಳುವ ರೈತನು ರೋಹಿಣಿ ಮಳೆ ಎಂದಿನಿಂದ, ಆರಿದ್ರೆ ಮಳೆ ಎಂದಿನಿಂದ, ಚಿತ್ತೆ ಮಳೆ ಎಂದಿನಿಂದ ಎಂಬುದನ್ನು ಆಸಕ್ತಿಯಿಂದ ಕೇಳಿ ತಿಳಿಯುತ್ತಾನೆ. ಮಳೆಯ ಈ ಹೆಸರುಗಳು ಆಕಾಶದಿಂದ ಬಂದವು. ಸೂರ್ಯನು ತನ್ನ ಹಾದಿಯಲ್ಲಿರುವ ಇಪ್ಪತ್ತೇಳು ನಕ್ಷತ್ರಭಾಗಗಳಲ್ಲಿ ಒಂದೊಂದನ್ನು ದಾಟಲು ಹದಿಮೂರು ಹದಿನಾಲ್ಕು ದಿನಗಳು ಬೇಕು. ಅವನು ಯಾವ ನಕ್ಷತ್ರದಲ್ಲಿರುವನೋ ಆ ದಿನಗಳ ಮಳೆಗೆ ಅದೇ ಹೆಸರು. ಮಳೆಯ ಕಾಲವಷ್ಟೇ ಅಲ್ಲ, ಅಮಾವಾಸ್ಯೆ ಹುಣ್ಣಿಮೆಗಳು, ಸೂರ್ಯಚಂದ್ರರ ಗ್ರಹಣಗಳು, ಗುರುಶುಕ್ರರ ಉದಯಾಸ್ತಗಳು, ಗ್ರಹಗಳು ಒಂದನ್ನೊಂದು ಸಮೀಪಿಸುವ ದಿನಗಳು, ಅಧಿಕಮಾಸ, ಸಂಕ್ರಮಣ ಇವೆಲ್ಲವೂ ಪಂಚಾಂಗದಲ್ಲಿ ಮೊದಲೇ ಲಿಖಿತವಾಗಿರುತ್ತವೆ. ಮುಂಬರುವ ಒಂದು ವರ್ಷದ ಆಕಾಶವನ್ನು ಇಂದೇ ಬರೆದಿಡುವ ಗ್ರಂಥವೇ ಪಂಚಾಂಗ.

ಆದರೆ ಗ್ರಂಥದಲ್ಲಿ ಬರೆದಂತೆ ಆಕಾಶವು ನಡೆಯದಿದ್ದರೆ ಏನು ಮಾಡಬೇಕು? ಹಿರಿಯರು ಹಾಕಿಕೊಟ್ಟ ಲೆಕ್ಕವನ್ನು ನಂಬಬೇಕೇ, ಕಣ್ಣಿಗೆ ಕಾಣುವುದನ್ನು ನಂಬಬೇಕೇ? ಈ ಪ್ರಶ್ನೆಗೆ ತಮ್ಮ ಇಡೀ ಬಾಳನ್ನೇ ಉತ್ತರವಾಗಿ ಕೊಟ್ಟವರು ಬಾಗಲಕೋಟೆಯಲ್ಲಿ ಅಧ್ಯಾಪಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು.

ಕೇತಕರರು 1854ರಲ್ಲಿ ನರಗುಂದದಲ್ಲಿ ಜನಿಸಿದರು. ಮನೆಮಾತು ಮರಾಠಿ. ತಂದೆ ಬಾಪೂಶಾಸ್ತ್ರಿಗಳು ಸಂಸ್ಕೃತವನ್ನೂ ಗಣಿತಜ್ಯೋತಿಷವನ್ನೂ ಬಲ್ಲವರು. ಹೀಗಾಗಿ ಗ್ರಹಗಳ ಗತಿಯನ್ನು ಎಣಿಸುವ ವಿದ್ಯೆಯು ಅವರಿಗೆ ಮನೆಯಲ್ಲಿಯೇ ಪರಿಚಿತವಾಯಿತು. ಆಗ ನರಗುಂದವು ಒಂದು ಚಿಕ್ಕ ಸಂಸ್ಥಾನ. ಬಾಲಕನಿಗೆ ನಾಲ್ಕು ವರ್ಷ ತುಂಬಿದ್ದಾಗ, 1858ರಲ್ಲಿ, ಅಲ್ಲಿಯ ಅರಸನಾದ ಬಾಬಾಸಾಹೇಬನು ಬ್ರಿಟಿಷರ ವಿರುದ್ಧ ಬಂಡೆದ್ದು ಸೋತು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಸಂಸ್ಥಾನವು ಬ್ರಿಟಿಷರ ವಶವಾಯಿತು. ಹಳೆಯ ಆಶ್ರಯಗಳು ಅಳಿದು ಹೊಸ ಆಡಳಿತವೂ ಹೊಸ ಶಾಲೆಗಳೂ ಬರುತ್ತಿದ್ದ ಸಂಧಿಕಾಲವದು. ಕೇತಕರರ ವ್ಯಾಸಂಗದಲ್ಲಿ ಈ ಎರಡು ಕಾಲಗಳೂ ಕೂಡಿಕೊಂಡವು. ಒಂದು ಕಡೆ ಸಂಸ್ಕೃತದ ಸಿದ್ಧಾಂತಗ್ರಂಥಗಳು, ಇನ್ನೊಂದು ಕಡೆ ಇಂಗ್ಲಿಷಿನ ಮೂಲಕ ಒದಗಿದ ಪಾಶ್ಚಾತ್ಯ ಗಣಿತ.

ಆ ಕಾಲದಲ್ಲಿ ಉತ್ತರ ಕರ್ನಾಟಕದ ಆಕಾಶವು ಲೋಕದ ವಿಜ್ಞಾನಿಗಳ ಗಮನವನ್ನು ಸೆಳೆದ ಒಂದು ಘಟನೆ ನಡೆಯಿತು. 1868ರ ಆಗಸ್ಟ್ 18ರಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ನೆರಳು ಜಮಖಂಡಿ ಮತ್ತು ವಿಜಾಪುರಗಳ ಮೇಲೆ ಹಾದು ಪೂರ್ವ ಕರಾವಳಿಯ ಕಡೆಗೆ ಸಾಗಿತು. ಜಮಖಂಡಿಯಲ್ಲಿ ಬೀಡುಬಿಟ್ಟಿದ್ದ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿಯು ಮೋಡಗಳ ಎಡೆಯಿಂದಲೇ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಉಪಕರಣದಿಂದ ಪರೀಕ್ಷಿಸಿದನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನೇ ಈತ. ಆ ಜ್ವಾಲೆಗಳು ಉರಿಯುವ ಅನಿಲಗಳೆಂಬುದು ಆ ದಿನದ ವೀಕ್ಷಣೆಗಳಿಂದ ಸ್ಥಿರಪಟ್ಟಿತು. ಕೇತಕರರಿಗೆ ಆಗ ಹದಿನಾಲ್ಕು ವರ್ಷ. ಇಂತಹ ಗ್ರಹಣವೊಂದರ ದಿನವನ್ನೂ ಹಾದಿಯನ್ನೂ ಬಹಳ ಮೊದಲೇ ನಿರ್ಣಯಿಸಿ, ಸಮುದ್ರದಾಚೆಯಿಂದ ಬಂದು ಕಾದು ಕುಳಿತುಕೊಳ್ಳುವಷ್ಟು ನಿಖರವಾದ ಗಣಿತವು ಲೋಕದಲ್ಲಿ ಬೆಳೆದಿತ್ತು.

ಕೇತಕರರು ತಾರುಣ್ಯದಲ್ಲಿಯೇ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯನ್ನು ಸೇರಿ ಅಧ್ಯಾಪಕ ವೃತ್ತಿಯನ್ನು ಕೈಗೊಂಡರು. ಬಾಗಲಕೋಟೆಯ ಶಾಲೆಯಲ್ಲಿ ಅವರು ಸಲ್ಲಿಸಿದ ಸೇವೆಯಿಂದಾಗಿ ಆ ಊರಿನ ಹೆಸರು ಅವರ ಹೆಸರಿನೊಡನೆ ಬೆಸೆದುಕೊಂಡಿತು. ಘಟಪ್ರಭೆಯ ದಡದ ಆ ಊರಿನಲ್ಲಿ ವೀಕ್ಷಣಾಲಯವಿರಲಿಲ್ಲ. ಹಗಲು ಶಾಲೆಯ ಕೆಲಸ, ಉಳಿದ ವೇಳೆಯಲ್ಲಿ ಕೋಷ್ಟಕಗಳ ರಚನೆ. ಕಾಗದ, ಲೇಖನಿ, ಕೆಲವು ಗ್ರಂಥಗಳು, ಕುಗ್ಗದ ತಾಳ್ಮೆ ಇವಿಷ್ಟೇ ಅವರ ಉಪಕರಣಗಳು. ಇಂದು ಯಂತ್ರವು ಕ್ಷಣಾರ್ಧದಲ್ಲಿ ಮಾಡುವ ಗುಣಾಕಾರ ಭಾಗಾಕಾರಗಳನ್ನು ಅವರು ಕೈಯಿಂದಲೇ ಮಾಡಬೇಕಾಗಿತ್ತು. ಎಲ್ಲಿಯೋ ಒಂದು ಅಂಕಿ ತಪ್ಪಿದರೆ ಹಲವು ದಿನಗಳ ಶ್ರಮವೆಲ್ಲ ವ್ಯರ್ಥ.

ಅವರ ಮುಂದಿದ್ದ ಸಮಸ್ಯೆಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಆ ಭಾಗದ ಪಂಚಾಂಗಕರ್ತರು ಹೆಚ್ಚಾಗಿ ಗಣೇಶ ದೈವಜ್ಞನ ಗ್ರಹಲಾಘವವನ್ನು ಆಧರಿಸಿ ಗಣಿತ ಮಾಡುತ್ತಿದ್ದರು. ಅದು 1520ನ್ನು ಆರಂಭದ ವರ್ಷವಾಗಿ ಇಟ್ಟುಕೊಂಡು ರಚಿತವಾದ ಸೊಗಸಾದ ಗ್ರಂಥ. ಆದರೆ ಎಷ್ಟೇ ಒಳ್ಳೆಯ ಗಡಿಯಾರವಾದರೂ ದಿನಕ್ಕೆ ಒಂದು ಕ್ಷಣ ಹಿಂದೆ ಬಿದ್ದರೆ ವರ್ಷಾಂತ್ಯಕ್ಕೆ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಗ್ರಹಗಣಿತವೂ ಹಾಗೆಯೇ. ಒಂದು ಗ್ರಹದ ದಿನಗತಿಯಲ್ಲಿ ವಿಕಲೆಯ ಹತ್ತನೆಯ ಒಂದು ಭಾಗದಷ್ಟು ದೋಷವಿದ್ದರೂ 370 ವರ್ಷಗಳಲ್ಲಿ ಅದು ಮೂರು ಮುಕ್ಕಾಲು ಅಂಶಗಳಷ್ಟಾಗುತ್ತದೆ. ಹುಣ್ಣಿಮೆಯ ಚಂದ್ರಬಿಂಬದ ಅಗಲ ಸುಮಾರು ಅರ್ಧ ಅಂಶ. ಎಂದರೆ, ಗ್ರಹವು ಲೆಕ್ಕದಲ್ಲಿ ಹೇಳಿದ ಜಾಗದಿಂದ ಏಳು ಚಂದ್ರಬಿಂಬಗಳಿಗೂ ಮೀರಿದ ದೂರದಲ್ಲಿ ಕಾಣಿಸುತ್ತದೆ.

ಚಂದ್ರನ ವಿಷಯವಂತೂ ಇನ್ನಷ್ಟು ತೊಡಕಿನದು. ಸೂರ್ಯನಿಂದ ಚಂದ್ರನು ಹನ್ನೆರಡು ಅಂಶ ಮುಂದೆ ಸಾಗುವ ಕಾಲಕ್ಕೆ ಒಂದು ತಿಥಿ ಎಂದು ಹೆಸರು. ಚಂದ್ರನ ವೇಗವು ಏಕಪ್ರಕಾರವಾಗಿಲ್ಲದ ಕಾರಣ ಎಲ್ಲ ತಿಥಿಗಳೂ ಸಮನಾಗಿರುವುದಿಲ್ಲ. ಹಳೆಯ ಗಣಿತದಂತೆ ತಿಥಿಯು ಹೆಚ್ಚೆಂದರೆ 65 ಘಳಿಗೆ, ಕಡಿಮೆಯೆಂದರೆ 54 ಘಳಿಗೆ. ಅಂದರೆ 26 ಗಂಟೆಗಳಿಂದ 21 ಗಂಟೆ 36 ನಿಮಿಷಗಳವರೆಗೆ. ಸೂರ್ಯನ ಆಕರ್ಷಣೆಯಿಂದ ಚಂದ್ರನ ಗತಿಯಲ್ಲಿ ಉಂಟಾಗುವ ಏರುಪೇರುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ತಿಥಿಯು ಸುಮಾರು 20 ಗಂಟೆಗಳಷ್ಟು ಕಿರಿದೂ 26 ಮುಕ್ಕಾಲು ಗಂಟೆಗಳಷ್ಟು ಹಿರಿದೂ ಆಗಬಲ್ಲುದು. ಏಕಾದಶಿಯ ಉಪವಾಸ ಯಾವ ದಿನ, ಹಬ್ಬ ಯಾವ ದಿನ ಎಂಬುದು ತಿಥಿಯನ್ನೇ ಅವಲಂಬಿಸಿರುವ ಸಮಾಜದಲ್ಲಿ ಇದು ಸಣ್ಣ ವಿಷಯವಾಗಿರಲಿಲ್ಲ.

ಈ ದೋಷವನ್ನು ಮೊದಲು ಗುರುತಿಸಿದವರು ಕೇತಕರರೇ ಎಂದಲ್ಲ. ಮದ್ರಾಸಿನ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು, ಮಹಾರಾಷ್ಟ್ರದಲ್ಲಿ ಕೇರೋ ಲಕ್ಷ್ಮಣ ಛತ್ರೆಯವರು, ಕಾಶಿಯಲ್ಲಿ ಬಾಪೂದೇವ ಶಾಸ್ತ್ರಿಗಳು ಹೊಸ ಗಣಿತವನ್ನು ಆಧರಿಸಿದ ಪಂಚಾಂಗಗಳಿಗಾಗಿ ಶ್ರಮಿಸಿದ್ದರು. ಲೆಕ್ಕವು ಕಣ್ಣಿಗೆ ಕಾಣುವುದರೊಡನೆ ಹೊಂದಬೇಕೆಂಬ ಈ ಮಾರ್ಗಕ್ಕೆ ದೃಗ್ಗಣಿತವೆಂದು ಹೆಸರು. ಆದರೆ ಇಂಗ್ಲಿಷ್ ಬಾರದ, ಪಾಶ್ಚಾತ್ಯ ಕೋಷ್ಟಕಗಳನ್ನು ಓದಲಾರದ ಸಾಮಾನ್ಯ ಪಂಚಾಂಗಕರ್ತನು ತನ್ನ ಊರಿನಲ್ಲಿ ಕುಳಿತು ಈ ಗಣಿತವನ್ನು ಮಾಡುವುದು ಹೇಗೆ? ಆ ಕೊರತೆಯನ್ನು ತುಂಬಲು ಕೇತಕರರು ಮುಂದಾದರು.

ಅವರು ನೂತನ ಖಗೋಳಶಾಸ್ತ್ರದ ಫಲಿತಾಂಶಗಳನ್ನು ಸಂಸ್ಕೃತಕ್ಕೆ ತಂದು ಜ್ಯೋತಿರ್ಗಣಿತವೆಂಬ ದೊಡ್ಡ ಗ್ರಂಥವನ್ನು ರಚಿಸಿದರು. ಬಳಿಕ ಗ್ರಹಲಾಘವದ ಜಾಡಿನಲ್ಲಿಯೇ, ಸಂಪ್ರದಾಯದ ಗಣಕನಿಗೆ ಒಗ್ಗುವಂತೆ, ಶ್ಲೋಕರೂಪದಲ್ಲಿ ಕೇತಕೀ ಗ್ರಹಗಣಿತವನ್ನು ಬರೆದರು. ಕೇತಕಿ ಎಂದರೆ ಕೇದಗೆ; ಅವರ ಮನೆತನದ ಹೆಸರೂ ಅದರಲ್ಲಿ ಅಡಗಿದೆ. ಪಂಚಾಂಗಸಾಧನೆಗೆಂದು ವೈಜಯಂತೀ ಎಂಬ ಗ್ರಂಥವನ್ನೂ ರಚಿಸಿದರು. ಭಾರತೀಯ ಜ್ಯೋತಿಶ್ಶಾಸ್ತ್ರದ ಚರಿತ್ರೆಯನ್ನು ಬರೆದ ಶಂಕರ ಬಾಲಕೃಷ್ಣ ದೀಕ್ಷಿತರು ತಮ್ಮ ಸಮಕಾಲೀನರಾದ ಕೇತಕರರ ಕಾರ್ಯವನ್ನು ಆ ಮಹಾಗ್ರಂಥದಲ್ಲಿ ಉಲ್ಲೇಖಿಸಿದ್ದಾರೆ. ದೀಕ್ಷಿತರೂ ಶಾಲಾ ಅಧ್ಯಾಪಕರೇ ಆಗಿದ್ದರೆಂಬುದು ಗಮನಿಸತಕ್ಕ ಸಂಗತಿ.

ಹೊಸ ಗಣಿತವನ್ನು ಎಲ್ಲರೂ ಸ್ವಾಗತಿಸಲಿಲ್ಲ. ಋಷಿಪ್ರಣೀತವಾದ ಸಿದ್ಧಾಂತವನ್ನು ಪರದೇಶದ ಲೆಕ್ಕದಿಂದ ತಿದ್ದುವುದು ಅಪಚಾರವೆಂದು ಭಾವಿಸಿದ ಪಂಡಿತರು ಅನೇಕರಿದ್ದರು. ಅವರ ಅಳುಕಿಗೆ ಕಾರಣವಿಲ್ಲದೆ ಇರಲಿಲ್ಲ. ಇಂದು ತಿಥಿಯನ್ನು ತಿದ್ದಿದವರು ನಾಳೆ ವ್ರತವನ್ನೂ ಆಚಾರವನ್ನೂ ಬಿಡಿಸುವರೆಂಬುದು ಅವರ ಭಯ. ಆದರೆ ನಮ್ಮ ಜ್ಯೋತಿಷ ಪರಂಪರೆಯೇ ಈ ಭಯಕ್ಕೆ ಸಮಾಧಾನವನ್ನು ಇಟ್ಟುಕೊಂಡಿತ್ತು. ಗಣಿತವು ದೃಷ್ಟಿಗೆ ಸಮನಾಗಿರಬೇಕೆಂದು ಸಿದ್ಧಾಂತಕಾರರೇ ವಿಧಿಸಿದ್ದಾರೆ. ಗಣೇಶ ದೈವಜ್ಞನು ಸಹ ತನಗಿಂತ ಹಿಂದಿನವರ ಲೆಕ್ಕಗಳನ್ನು ಆಕಾಶದೊಡನೆ ಹೋಲಿಸಿ, ಹೊಂದಿದುದನ್ನು ಇಟ್ಟುಕೊಂಡು ಹೊಂದದುದನ್ನು ತಿದ್ದಿದವನು. ಹಿರಿಯರು ನಡೆದ ದಾರಿಯಲ್ಲಿ ನಡೆಯುವುದೆಂದರೆ ಅವರ ಅಂಕಿಗಳನ್ನು ಕಾಪಾಡುವುದೋ, ಅವರ ಸತ್ಯನಿಷ್ಠೆಯನ್ನು ಕಾಪಾಡುವುದೋ ಎಂಬುದೇ ಇಲ್ಲಿಯ ಪ್ರಶ್ನೆ. ಕೇತಕರರು ಎರಡನೆಯದನ್ನು ಆರಿಸಿಕೊಂಡರು. ಹಳೆಯದನ್ನು ಹಳಿಯುತ್ತ ಕೂಡದೆ, ಹಳೆಯ ಭಾಷೆಯಲ್ಲಿ, ಹಳೆಯ ಕ್ರಮದಲ್ಲಿ ಹೊಸ ಸತ್ಯವನ್ನು ಹೇಳಿದರು.

ಪಂಚಾಂಗ ಸುಧಾರಣೆಯಲ್ಲಿ ಇನ್ನೊಂದು ವಿವಾದವೂ ಇತ್ತು. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲನೆ ಓಲುವ ಕಾರಣ ವಿಷುವದ್ಬಿಂದುವು ನಕ್ಷತ್ರಗಳ ನಡುವೆ ವರ್ಷಕ್ಕೆ ಸುಮಾರು 50 ವಿಕಲೆಗಳಷ್ಟು, ಅಂದರೆ ಸುಮಾರು 72 ವರ್ಷಗಳಿಗೆ ಒಂದು ಅಂಶದಷ್ಟು ಹಿಂದೆ ಸರಿಯುತ್ತದೆ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದಾದರೂ ನಾವು ಮಕರ ಸಂಕ್ರಮಣವನ್ನು ಜನವರಿ 14 ಅಥವಾ 15ರಂದು ಆಚರಿಸುವುದು ಇದರಿಂದಲೇ. ಹಾಗಾದರೆ ನಕ್ಷತ್ರಚಕ್ರದ ಆರಂಭವನ್ನು ಎಲ್ಲಿಂದ ಎಣಿಸಬೇಕು? ರೇವತಿಯ ಒಂದು ತಾರೆಯಿಂದ ಎಣಿಸಬೇಕೆಂಬುದು ಒಂದು ಪಕ್ಷ. ಲೋಕಮಾನ್ಯ ಬಾಲಗಂಗಾಧರ ತಿಲಕರಂತಹ ಮಹನೀಯರು ಇದರ ಬೆಂಬಲಕ್ಕಿದ್ದರು. ಚಿತ್ರಾ ನಕ್ಷತ್ರಕ್ಕೆ ನೇರ ಎದುರಿನ ಬಿಂದುವೇ ಆರಂಭಸ್ಥಾನವೆಂಬುದು ಇನ್ನೊಂದು ಪಕ್ಷ. ಕೇತಕರರು ಈ ಚಿತ್ರಾಪಕ್ಷವನ್ನು ಪ್ರತಿಪಾದಿಸಿದರು. ಎರಡು ಪಕ್ಷಗಳ ನಡುವಣ ಅಂತರ ಸುಮಾರು ನಾಲ್ಕು ಅಂಶ. ಸಂಕ್ರಮಣಕ್ಕೆ ನಾಲ್ಕು ದಿನಗಳ ವ್ಯತ್ಯಾಸ.

ರೇವತಿಯ ಆ ತಾರೆ ಬಹಳ ಮಂಕು. ತಿಳಿಯಾದ ಕತ್ತಲೆಯಲ್ಲಿಯೂ ಹುಡುಕಿ ಕಾಣಬೇಕಾದುದು. ಚಿತ್ರೆಯಾದರೋ ಎಲ್ಲರ ಕಣ್ಣಿಗೂ ಬೀಳುವ ಉಜ್ಜ್ವಲ ನಕ್ಷತ್ರ. ಏಪ್ರಿಲ್ ತಿಂಗಳ ನಡುವಿನಲ್ಲಿ ಸೂರ್ಯ ಮುಳುಗಿದ ಬಳಿಕ ಅದು ಪೂರ್ವದಲ್ಲಿ ಮೇಲೇರುತ್ತದೆ. ಚೈತ್ರದ ಹುಣ್ಣಿಮೆಯ ಚಂದ್ರನು ಅದರ ಆಸುಪಾಸಿನಲ್ಲಿರುತ್ತಾನೆ. ಆ ತಿಂಗಳಿಗೆ ಚೈತ್ರವೆಂಬ ಹೆಸರೂ ಅದರಿಂದಲೇ ಬಂದಿದೆ. ಅಕ್ಟೋಬರಿನಲ್ಲಿ ಸೂರ್ಯನೇ ಅದರ ಬಳಿ ಸಾರುವುದರಿಂದ ಅದು ಕೆಲವು ದಿನ ಮರೆಯಾಗುತ್ತದೆ. ರೈತನ ಚಿತ್ತೆ ಮಳೆಯ ಕಾಲ ಅದೇ. ಪಂಡಿತರ ಗ್ರಂಥಗಳಲ್ಲಿ ಚರ್ಚೆಗೊಳಗಾದ ಈ ನಕ್ಷತ್ರವು ರೈತನ ಮಾತಿನಲ್ಲಿಯೂ ಬದುಕಿದೆ.

ಕೇತಕರರ ಆಸಕ್ತಿಯು ಪಂಚಾಂಗಕ್ಕಷ್ಟೇ ಸೀಮಿತವಾಗಿರಲಿಲ್ಲ. ಶಾಸನಗಳಲ್ಲಿ ಬರುವ ತಿಥಿವಾರಗಳನ್ನು ಇಂದಿನ ದಿನಾಂಕಗಳಿಗೆ ಹೊಂದಿಸುವುದು ಇತಿಹಾಸಕಾರರಿಗೆ ಅತ್ಯಗತ್ಯ. ಇದಕ್ಕೆ ನೆರವಾಗುವಂತೆ ಅವರು ಭಾರತೀಯ ಮತ್ತು ವಿದೇಶೀಯ ಕಾಲಗಣನೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ರಚಿಸಿದರು. ಕ್ರಿಸ್ತಪೂರ್ವ 3102ರಿಂದ ಕ್ರಿಸ್ತಶಕ 2100ರವರೆಗಿನ ಕಾಲವನ್ನು ಒಳಗೊಂಡ ಈ ಗ್ರಂಥವು 1923ರಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಎಪ್ಪತ್ತರ ಸಮೀಪದಲ್ಲಿತ್ತು.

ಕೇತಕರರ ಹೆಸರನ್ನು ಹೊರದೇಶಗಳ ಖಗೋಳಚರಿತ್ರೆಯಲ್ಲಿ ಉಳಿಸಿರುವುದು ಮತ್ತೊಂದು ಸಂಗತಿ. ಯುರೇನಸ್ ಗ್ರಹವು ಲೆಕ್ಕದಂತೆ ನಡೆಯದಿದ್ದುದನ್ನು ಕಂಡು, ಅದನ್ನು ಎಳೆಯುವ ಬೇರೊಂದು ಗ್ರಹವಿರಬೇಕೆಂದು ಫ್ರಾನ್ಸಿನ ಲೆವೆರ್ಯೇ ಊಹಿಸಿದ್ದನು. ಅವನು ಸೂಚಿಸಿದ ಸ್ಥಳದ ಬಳಿಯಲ್ಲಿಯೇ 1846ರಲ್ಲಿ ನೆಪ್ಚೂನ್ ಕಾಣಿಸಿತು. ಅದರಾಚೆಗೂ ಗ್ರಹಗಳಿರಬಹುದೇ ಎಂಬ ಕುತೂಹಲ ಅಂದಿನಿಂದ ಬೆಳೆಯಿತು. ಗುರುಗ್ರಹದ ಒಳಗಿನ ಮೂರು ದೊಡ್ಡ ಉಪಗ್ರಹಗಳ ಗತಿಗಳಲ್ಲಿ ಒಂದು ಸರಳ ಅನುಪಾತವಿರುವುದನ್ನು ಲಾಪ್ಲಾಸ್ ಎಂಬ ಗಣಿತಜ್ಞನು ಹಿಂದೆಯೇ ತೋರಿಸಿದ್ದನು. ಅಂತಹ ಅನುಪಾತವು ಹೊರಗಿನ ಗ್ರಹಗಳಲ್ಲಿಯೂ ಇರಬೇಕೆಂದು ಕೇತಕರರು ಭಾವಿಸಿ ಗಣಿತ ಮಾಡಿದರು. ನೆಪ್ಚೂನಿನ ಆಚೆ ಎರಡು ಗ್ರಹಗಳಿವೆಯೆಂದು ಹೇಳಿ ಅವುಗಳಿಗೆ ಬ್ರಹ್ಮ, ವಿಷ್ಣು ಎಂದು ಹೆಸರಿಟ್ಟರು. ಭೂಮಿಗೂ ಸೂರ್ಯನಿಗೂ ಇರುವ ಅಂತರದ 38.95ರಷ್ಟು ದೂರದಲ್ಲಿ, 242.28 ವರ್ಷಗಳಿಗೊಮ್ಮೆ ಸೂರ್ಯನನ್ನು ಸುತ್ತುವುದು ಬ್ರಹ್ಮ. ಸುಮಾರು ಅರವತ್ತರಷ್ಟು ದೂರದಲ್ಲಿ 460 ವರ್ಷಗಳಿಗೊಮ್ಮೆ ಸುತ್ತುವುದು ವಿಷ್ಣು. ಈ ಲೇಖನವು 1911ರ ಮೇ ತಿಂಗಳಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು.

ಹತ್ತೊಂಬತ್ತು ವರ್ಷಗಳು ಕಳೆದ ಮೇಲೆ, 1930ರ ಫೆಬ್ರವರಿ 18ರಂದು, ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೋ ಎಂಬ ತರುಣನು ಪ್ಲೂಟೋವನ್ನು ಕಂಡುಹಿಡಿದನು. ಅದರ ಸರಾಸರಿ ದೂರ 39.48, ಪರಿಭ್ರಮಣಕಾಲ 248 ವರ್ಷ. ಕೇತಕರರ ಬ್ರಹ್ಮನ ಅಂಕಿಗಳಿಗೆ ಇವು ಎಷ್ಟು ಸಮೀಪವಾಗಿವೆಯೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಅದೇ 1930ರಲ್ಲಿ, ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಕೇತಕರರು ತೀರಿಕೊಂಡರು.

ಆದುದರಿಂದ ಪ್ಲೂಟೋವನ್ನು ಮೊದಲು ಕಂಡವರು ಕೇತಕರರೇ ಎಂದು ಅಭಿಮಾನದಿಂದ ಹೇಳುವವರುಂಟು. ಆದರೆ ಲೆಕ್ಕವು ಆಕಾಶದೊಡನೆ ಹೊಂದಲೇಬೇಕೆಂದು ಜೀವನವಿಡೀ ಪಟ್ಟು ಹಿಡಿದವರನ್ನು ಅದೇ ಒರೆಗಲ್ಲಿಗೆ ಉಜ್ಜಿ ನೋಡುವುದು ನ್ಯಾಯ. ಕೇತಕರರು ದೂರವನ್ನೂ ಕಾಲವನ್ನೂ ಹೇಳಿದರಲ್ಲದೆ ಗ್ರಹವು ಆಕಾಶದ ಯಾವ ಭಾಗದಲ್ಲಿದೆಯೆಂದು ಸೂಚಿಸಲಿಲ್ಲ. ಹಾಗಾಗಿ ಅವರ ಲೇಖನವನ್ನು ಹಿಡಿದು ದೂರದರ್ಶಕವನ್ನು ತಿರುಗಿಸುವುದು ಸಾಧ್ಯವಿರಲಿಲ್ಲ. ಬ್ರಹ್ಮನಿಗೂ ನೆಪ್ಚೂನಿಗೂ ಅವರು ಕಂಡ ಅನುಪಾತ ನಾಲ್ಕಕ್ಕೆ ಮೂರರದು; ಪ್ಲೂಟೋ ಮತ್ತು ನೆಪ್ಚೂನ್‌ಗಳ ನಿಜವಾದ ಅನುಪಾತ ಮೂರಕ್ಕೆ ಎರಡರದು. ವಿಷ್ಣುವಂತೂ ಕಾಣಿಸಲೇ ಇಲ್ಲ. 1978ರಲ್ಲಿ ಪ್ಲೂಟೋವಿನ ಉಪಗ್ರಹವು ಗೋಚರವಾದಾಗ ಅದರ ತೂಕ ಚಂದ್ರನಿಗಿಂತಲೂ ಎಷ್ಟೋ ಕಡಿಮೆಯೆಂದು ತಿಳಿಯಿತು. 2006ರಲ್ಲಿ ಅದನ್ನು ಕುಬ್ಜಗ್ರಹವೆಂದು ವರ್ಗೀಕರಿಸಲಾಯಿತು. ಇಷ್ಟು ಹೇಳಿದ ಮಾತ್ರಕ್ಕೆ ಕೇತಕರರ ಹಿರಿಮೆ ಕುಂದುವುದಿಲ್ಲ. ಒಂದು ಚಿಕ್ಕ ಊರಿನ ಅಧ್ಯಾಪಕರು ತಮ್ಮ ಕಾಲದ ಅತ್ಯಂತ ಕಠಿಣ ಪ್ರಶ್ನೆಯೊಂದನ್ನು ಎತ್ತಿಕೊಂಡು, ತಮ್ಮ ಅಂಕಿಗಳನ್ನು ಲೋಕದ ಪರೀಕ್ಷೆಗೆ ಮುಚ್ಚುಮರೆಯಿಲ್ಲದೆ ಒಡ್ಡಿದರು. ಆ ಧೈರ್ಯವೇ ದೊಡ್ಡದು.

ಅವರ ನಿಜವಾದ ಸಾಧನೆಯು ಅಷ್ಟು ಬೆರಗು ಹುಟ್ಟಿಸುವಂತಹುದಲ್ಲದಿದ್ದರೂ ಹೆಚ್ಚು ಬಾಳಿಕೆಯದು. ಸ್ವತಂತ್ರ ಭಾರತದ ಸರ್ಕಾರವು 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. 1955ರ ವರದಿಯಲ್ಲಿ ಸಮಿತಿಯು ದೃಗ್ಗಣಿತವನ್ನು ಎತ್ತಿಹಿಡಿಯಿತು. ನಕ್ಷತ್ರಗಣನೆಗೆ ಚಿತ್ರೆಯನ್ನು ಆಧರಿಸಿದ ಆರಂಭಬಿಂದುವನ್ನೇ ಒಪ್ಪಿಕೊಂಡಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಕೇತಕರರು ಯಾವ ಪಕ್ಷಕ್ಕಾಗಿ ವಾದಿಸಿದ್ದರೋ ಅದು ಅವರು ತೀರಿಕೊಂಡ ಇಪ್ಪತ್ತೈದು ವರ್ಷಗಳ ಬಳಿಕ ದೇಶದ ಮನ್ನಣೆಯನ್ನು ಪಡೆಯಿತು. ಹಳೆಯ ಸಿದ್ಧಾಂತಗಳನ್ನೇ ಅನುಸರಿಸುವ ಪಂಚಾಂಗಗಳು ಇಂದಿಗೂ ಇವೆ. ಅವುಗಳಲ್ಲಿಯೂ ಗ್ರಹಣದ ಕಾಲವನ್ನು ಹೊಸ ಗಣಿತದಿಂದ ತೆಗೆದುಕೊಳ್ಳುವುದು ಅಪರೂಪವಲ್ಲ. ಏಕೆಂದರೆ ಗ್ರಹಣವು ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ. ಅಲ್ಲಿ ತಪ್ಪನ್ನು ಮರೆಮಾಚಲು ಬರುವುದಿಲ್ಲ.

ಕೇತಕರರು ನಡೆದಾಡಿದ ಹಳೆಯ ಬಾಗಲಕೋಟೆಯ ಒಂದು ಭಾಗವು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿ, ಅದರ ಬಳಿ ಹೊಸ ಊರು ಎದ್ದಿದೆ. ಅವರು ಕೈಯಿಂದ ಎಣಿಸಿದ ಕೋಷ್ಟಕಗಳ ಜಾಗವನ್ನು ಅವುಗಳಿಗಿಂತ ಸೂಕ್ಷ್ಮವಾದ ಯಂತ್ರಗಣಿತವು ತುಂಬಿದೆ. ಗ್ರಹಲಾಘವವನ್ನು ಕೇತಕೀ ಗ್ರಹಗಣಿತ ತಿದ್ದಿತು. ಅದನ್ನು ಮುಂದಿನವರು ತಿದ್ದಿದರು. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಲೆಕ್ಕವು ಎಷ್ಟೇ ಹಿರಿಯರದಾಗಿರಲಿ, ಅದಕ್ಕೆ ಕೊನೆಯ ಸಾಕ್ಷಿ ಆಕಾಶವೇ ಎಂಬ ನಂಬಿಕೆಯು ಗಣೇಶ ದೈವಜ್ಞನಿಂದ ಕೇತಕರರಿಗೆ ಬಂದಿತು. ಅದನ್ನು ಅವರು ಕೆಡದಂತೆ ಕಾಪಾಡಿ ಮುಂದಿನವರ ಕೈಗೆ ಒಪ್ಪಿಸಿದರು.